ಹೋಗಿ ಬನ್ನಿ ಎನ್ನಬಾರದ ಮನೆ

ಸೆಪ್ಟೆಂಬರ್ 2, ಮಂಗಳವಾರ

ಆರು ಪೀರಿಯಡ್‌ಗಳಲ್ಲಿ ಮೂರಕ್ಕೆ ಹೋದೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ನನ್ನ ರೋಲ್ ನಂಬರ್ ಕೂಗಿದಾಗ ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಸರ್ ಆಬ್ಸೆಂಟ್ ಹಾಕಿಕೊಂಡರು. ನಾನು ಅವರ ಎದುರಿಗೇ ಟೆಸ್ಟ್‌ಟ್ಯೂಬ್ ಹಿಡಿದು ನಿಂತಿದ್ದೆ. ಪಕ್ಕದವಳು ಹೇಳಿದ ಮೇಲೆ ತಿದ್ದಿದರು.

ಅಪ್ಪ ತೀರಿಕೊಂಡು ಇಂದಿಗೆ ಏಳು ವಾರ. ನಾನು ಅತ್ತಿಲ್ಲ. ಇದನ್ನು ಬರೆದಿಡುತ್ತಿರುವುದು, ಮುಂದೆ ಯಾರಾದರೂ ಡಾಕ್ಟರು ಕೇಳಿದರೆ ತಾರೀಕಿನ ಸಮೇತ ಹೇಳಬಹುದು ಎಂದು. ಒಳಗೆ ಯಾರೋ ಹತ್ತಿ ತುಂಬಿದ ಹಾಗಿದೆ. ನೋವಿಲ್ಲ. ನೋವಿಲ್ಲವಲ್ಲ ಎಂದು ಟೆನ್ಶನ್ ಇದೆ.

ಅಮ್ಮ ಫೋನ್ ಮಾಡಿದ್ದಳು. ಕ್ವಾರ್ಟರ್ಸನ್ನು ಮೂವತ್ತನೇ ತಾರೀಕಿಗೆ ಬಿಟ್ಟುಕೊಡಬೇಕಂತೆ. ಅಪ್ಪ ನೀರು ಸರಬರಾಜು ಕೇಂದ್ರದಲ್ಲಿ ಫಿಲ್ಟರ್ ನೋಡಿಕೊಳ್ಳುತ್ತಿದ್ದರು. ಮನೆ ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆಗೇ ಹೋಗುತ್ತದೆ. ಅಮ್ಮ ತಾನು ಪ್ರೂಫ್ ತಿದ್ದುವ ಪ್ರೆಸ್ಸಿನ ಮೇಲಿರುವ ಎರಡು ಕೋಣೆಗಳಿಗೆ ಹೋಗುತ್ತಾಳೆ. ನಿನ್ನ ಕಪಾಟಿನ ಸಾಮಾನು ಏನು ಮಾಡಲಿ ಎಂದು ಕೇಳಿದಳು. ನಿನಗೆ ತೋಚಿದ ಹಾಗೆ ಮಾಡು ಎಂದೆ. ಬಾ ಎಂದು ಅವಳು ಹೇಳಲಿಲ್ಲ. ಬರುತ್ತೇನೆ ಎಂದು ನಾನೂ ಹೇಳಲಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಒಂದು ಕ್ಲಬ್ಬಿಗೆ ಸೇರಿದೆ. ಸೇರಿದೆ ಎನ್ನುವುದಕ್ಕಿಂತ ಸಿಕ್ಕಿಬಿದ್ದೆ.

ಲೈಬ್ರರಿಯಲ್ಲಿ ಕುಳಿತು ನನ್ನ ಹರಿದ ಪುಸ್ತಕ ಓದುತ್ತಿದ್ದೆ. ಇದು ಆರನೇ ಕ್ಲಾಸಿನಲ್ಲಿ, ಸ್ಕೂಲ್ ಹಾಸ್ಟೆಲಿನ ಸಿಕ್‌ರೂಮಿನ ಕಪಾಟಿನಲ್ಲಿ ಸಿಕ್ಕಿದ್ದು. ರಟ್ಟಿಲ್ಲ, ಮೊದಲ ಹನ್ನೊಂದು ಪುಟಗಳಿಲ್ಲ, ಆದ್ದರಿಂದ ಕಥೆಯ ಹೆಸರೂ ಗೊತ್ತಿಲ್ಲ, ಬರೆದವರೂ ಗೊತ್ತಿಲ್ಲ. ಹಳೇ ಕಾಲದ ಇಂಗ್ಲಿಷಿನಲ್ಲಿರುವ ರಕ್ತಪಿಶಾಚಿಯ ಕಥೆ. ಎರಡನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿದ್ದವಳಿಗೆ ಜ್ವರ ಬಂದಾಗೆಲ್ಲ ಇದೇ ಜೊತೆ. ಹದಿನಾಲ್ಕು ಸಲ ಓದಿದ್ದೇನೆ.

ಯಾರೋ ಹೆಗಲ ಮೇಲಿನಿಂದ ಬಗ್ಗಿ ಒಂದು ಪ್ಯಾರಾ ಓದಿ, ನನ್ನ ತೋಳು ಹಿಡಿದು ಎಬ್ಬಿಸಿದರು. ಬಾಟನಿಯ ಥರ್ಡ್ ಇಯರ್. ಎಲ್ಲರೂ ಇವಳನ್ನು ತಂತಿ ಎನ್ನುತ್ತಾರೆ. ಹಲ್ಲಿಗೆ ತಂತಿ ಹಾಕಿಸಿಕೊಂಡವಳು ರಕ್ತ ಹೀರುವವರ ಕ್ಲಬ್ ನಡೆಸುತ್ತಾಳೆ ಎಂದು ಕಾಲೇಜು ಆಡಿಕೊಳ್ಳುತ್ತದೆ, ಅವಳೂ ಆಡಿಕೊಳ್ಳುತ್ತಾಳೆ.

ಸಭೆ ಸಂಜೆ ನಾಲ್ಕಕ್ಕೆ, ಬಾಟನಿ ಲ್ಯಾಬಿನ ಹಿಂದಿನ ಬೀಜದ ಕೋಣೆಯಲ್ಲಿ. ಮೊಳಕೆ ಪ್ರಯೋಗಕ್ಕೆಂದು ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದಾರೆ, ಹೀಗಾಗಿ ಹಗಲಿಗೇ ಕತ್ತಲೆ. ಒದ್ದೆ ಹತ್ತಿಯ ವಾಸನೆ. ನನ್ನನ್ನೂ ಸೇರಿಸಿ ಆರು ಜನ. ಕ್ಲಬ್ಬಿನ ಹೆಸರು ‘ಹಳೇ ರಕ್ತ’. ಹೊಸಬರು ಬಂದರೆ ‘ಹೊಸ ರಕ್ತ ಬಂತು’ ಎಂದು ಎಲ್ಲರೂ ನಗಬೇಕು, ಅದು ಕಡ್ಡಾಯ. ನಕ್ಕರು. ಅಲ್ಲಿಗೆ ನನ್ನ ಹೆಸರೂ ಅದೇ ಆಯಿತು: ಹೊಸ ರಕ್ತ.

ಗೋಡೆಯ ಮೇಲೆ ನಿಯಮಗಳಿವೆ. ಪಿಶಾಚಿ ಕನ್ನಡಿಯಲ್ಲಿ ಕಾಣಬಾರದು. ಕಾಲೇಜಿಗೆ ಹೋಗುವ, ಲವ್ ಮಾಡುವ ಈಗಿನ ಪಿಶಾಚಿಗಳ ಮಾತೆತ್ತಿದವರು ಎಲ್ಲರಿಗೂ ಟೀ ಕೊಡಿಸಬೇಕು. ಮನೆಯವರು ಬಾಯಿಬಿಟ್ಟು ಕರೆಯದೆ ಪಿಶಾಚಿ ಒಳಗೆ ಕಾಲಿಡುವಂತಿಲ್ಲ. ಈ ನಿಯಮಗಳನ್ನು ಕಾಯುವವನು ಲಾ ಓದುತ್ತಿರುವ ಒಬ್ಬ, ಹೆಸರೇ ವಕೀಲ. ಮೂರನೇ ನಿಯಮದ ಬಗ್ಗೆ ಅವನು ಇಪ್ಪತ್ತು ನಿಮಿಷ ಮಾತನಾಡಿದ. ಮಲಗಿದವರು ನಿದ್ದೆಗಣ್ಣಲ್ಲಿ ‘ಬಾ’ ಎಂದರೆ ಅದು ಕರೆದಂತೆಯೇ? ಸನ್ನೆ ಮಾಡಿದರೆ? ಯಾರೂ ಬೇಸರಪಡಲಿಲ್ಲ. ಇಷ್ಟು ಉಪಯೋಗವಿಲ್ಲದ ವಿಷಯಕ್ಕೆ ಇಷ್ಟು ಪ್ರೀತಿ ನಾನು ಎಲ್ಲೂ ನೋಡಿರಲಿಲ್ಲ.

ಯಾರೂ ನನ್ನ ಮನೆಯ ಬಗ್ಗೆ ಕೇಳಲಿಲ್ಲ. ರಿಲೀಫ್.

ಸೆಪ್ಟೆಂಬರ್ 10, ಬುಧವಾರ

ಮೂವತ್ತನೇ ತಾರೀಕು ಪುಸ್ತಕ ಸಪ್ತಾಹದಲ್ಲಿ ನಮ್ಮ ಕ್ಲಬ್ ಒಂದು ಕಥೆಯನ್ನು ಸ್ಟೇಜ್ ಮೇಲೆ ಓದುತ್ತದೆ. ಕನ್ನಡದಲ್ಲಿ. ಆ ಕಥೆ ನನ್ನ ಹರಿದ ಪುಸ್ತಕ. ಕನ್ನಡಕ್ಕೆ ತರುವವಳು ನಾನು. ನಾನು ಕನ್ನಡ ಮಾತನಾಡುವುದೇ ಅರ್ಧ, ಬರೆಯುವುದು ಅದರಲ್ಲಿ ಅರ್ಧ ಎಂದು ಹೇಳಿದೆ. ತಂತಿ ಬಿಡಲಿಲ್ಲ. ನನ್ನ ಬಾಯಿಂದ, ಅಮ್ಮ ಪ್ರೂಫ್‌ರೀಡರ್ ಎಂದು ಬಂದುಹೋಯಿತು. ಅಲ್ಲಿಗೆ ಮುಗಿಯಿತು.

ಕಥೆ ಸಣ್ಣದು. ಮಂಜು ಮುಸುಕಿದ ಕಲ್ಲಿನ ಮನೆ. ಮಹಡಿಯಲ್ಲಿ ಕಾಯಿಲೆಯ ತಂಗಿ. ಕೆಳಗೆ ಅವಳನ್ನು ಕಾಯುವ ಅಕ್ಕ. ಏಳು ಸಂಜೆ ಕಪ್ಪು ಕೋಟಿನ ಅತಿಥಿಯೊಬ್ಬ ಬಂದು ವರಾಂಡದಲ್ಲಿ ಕೂರುತ್ತಾನೆ. ತುಂಬಾ ಮರ್ಯಾದೆಯ ಮನುಷ್ಯ, ಸತ್ತು ನೂರು ವರ್ಷವಾಗಿದೆ ಅಷ್ಟೇ. ಅವನಿಗೆ ತಂಗಿ ಬೇಕು. ಅಕ್ಕನಿಗೆ ಅದು ಗೊತ್ತು. ಅವಳು ಅವನೊಡನೆ ನಯವಾಗಿಯೇ ಮಾತನಾಡುತ್ತಾಳೆ, ಆದರೆ ‘ಒಳಗೆ ಬನ್ನಿ’ ಎಂಬ ಮಾತೊಂದನ್ನು ಆಡುವುದಿಲ್ಲ. ಏಳನೇ ಸಂಜೆ ಸೋತು ಎದ್ದು ಹೋಗುತ್ತಾನೆ. ಮತ್ತೆ ಬರುವುದಿಲ್ಲ. ತಂಗಿ ಉಳಿಯುತ್ತಾಳೆ.

ಅಮ್ಮನಿಗೆ ಮೆಸೇಜ್ ಹಾಕಿದೆ, ತಿದ್ದಿಕೊಡುತ್ತೀಯಾ ಎಂದು. ‘ಕಳಿಸು’ ಎಂದಿದ್ದಾಳೆ. ಒಂದೇ ಪದ, ಕೊನೆಗೆ ಫುಲ್‌ಸ್ಟಾಪ್.

ಸೆಪ್ಟೆಂಬರ್ 13, ಶನಿವಾರ

ಮೊದಲ ಆರು ಪುಟ ತಿದ್ದಿ ಬಂದವು. ನಾನು ಫೋಟೋ ಕಳಿಸಿದರೆ ಅಮ್ಮ ಪ್ರೆಸ್ಸಿನಲ್ಲಿ ಅಚ್ಚು ತೆಗೆದು, ಕೆಂಪು ಪೆನ್ಸಿಲ್‌ನಲ್ಲಿ ತಿದ್ದಿ, ಫೋಟೋ ತೆಗೆದು ಕಳಿಸುತ್ತಾಳೆ. ಸ್ಕ್ರೀನ್ ಮೇಲೆ ತಿದ್ದಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲವಂತೆ. ಪುಟವೆಲ್ಲ ಗಾಯವಾದ ಹಾಗಿತ್ತು.

ಪಿಶಾಚಿ ಹಗಲೆಲ್ಲ ಶವಪೆಟ್ಟಿಗೆಯಲ್ಲಿ ಮಲಗುತ್ತಾನೆ ಎಂದು ಬರೆಯಲು ಹೋಗಿ ನಾನು ಶೌಚಪೆಟ್ಟಿಗೆ ಎಂದು ಬರೆದಿದ್ದೆ. ಅಂಚಿನಲ್ಲಿ ಅಮ್ಮನ ಅಕ್ಷರ: ‘ಪಾಪ, ಅಲ್ಲಿ ಮಲಗಿಸಬೇಡ.’

ರೂಮ್‌ಮೇಟ್‌ಗೆ ತೋರಿಸಿದೆ. ಅವಳು ಮಂಚದಿಂದ ಬೀಳುವಷ್ಟು ನಕ್ಕಳು. ನಿಮ್ಮಮ್ಮ ಜೋಕ್ ಮಾಡ್ತಾರಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ರಜೆಯಲ್ಲಿ ಮನೆಗೆ ಹೋದಾಗ ಜೋಕ್ ಮಾಡುತ್ತಿದ್ದವರು ಅಪ್ಪ.

ಸೆಪ್ಟೆಂಬರ್ 17, ಬುಧವಾರ

ಇಂದು ಎಷ್ಟು ಕ್ಲಾಸಿಗೆ ಹೋದೆ ಎಂದು ಬರೆಯುವುದಿಲ್ಲ.

ಇಂದು ಕ್ಲಬ್ಬಿನಲ್ಲಿ ಚರ್ಚೆ: ಹಳೇ ಕಥೆಗಳಲ್ಲಿ ಅತಿ ಭಯದ ಜಾಗ ಯಾವುದು. ಒಬ್ಬರು ಸಮಾಧಿ ಎಂದರು, ಒಬ್ಬರು ಕನ್ನಡಿ. ತಂತಿ, ಬಾಗಿಲು ತಟ್ಟುವ ಸದ್ದು ಎಂದಳು. ಎಲ್ಲರೂ ಮೈ ಝುಂ ಎನಿಸಿಕೊಂಡರು. ನನ್ನ ಸರದಿ ಬಂದಾಗ ಪಾಸ್ ಎಂದೆ.

ಹೇಳಬೇಕೆಂದಿದ್ದು ಇಷ್ಟು. ಸತ್ತವರು ಅಷ್ಟು ಕಷ್ಟಪಟ್ಟು, ಮಣ್ಣು ತಳ್ಳಿಕೊಂಡು ಎದ್ದು, ದಾರಿ ನೆನಪಿಟ್ಟುಕೊಂಡು ಬಾಗಿಲವರೆಗೆ ಬರುತ್ತಾರೆ. ಇವರೆಲ್ಲ ಯಾಕೆ ಬಾಗಿಲು ಹಾಕಿಕೊಳ್ಳುತ್ತಾರೆ?

ಸೆಪ್ಟೆಂಬರ್ 20, ಶನಿವಾರ

ಏಳರಿಂದ ಹದಿನಾಲ್ಕನೇ ಪುಟದವರೆಗೆ ಬಂದವು. ಕಾಗುಣಿತ ಕಡಿಮೆ ತಪ್ಪಿದ್ದೇನೆ. ಆದರೆ ಕೊನೆಯ ಪುಟದ ಅಂಚಿನಲ್ಲಿ ಉದ್ದಕ್ಕೆ ಹೀಗಿದೆ:

‘ನಿನ್ನ ಅತಿಥಿ ಪ್ರತಿ ಸಂಜೆ ಹೊರಡುವಾಗ “ಬರ್ತೀನಿ” ಎನ್ನುತ್ತಾನೆ. ಹುಡುಗಿ “ಹೋಗಿ ಬನ್ನಿ” ಎನ್ನುತ್ತಾಳೆ. ಆರು ಸಂಜೆ ಆರು ಸಲ ಅಂದಿದ್ದಾಳೆ. ಬನ್ನಿ ಎಂದ ಮೇಲೆ ಕರೆದಂತೆಯೇ ಅಲ್ಲವೇ? ಅವನು ಮೊದಲನೇ ದಿನವೇ ಒಳಗೆ ಹೋಗಬಹುದಿತ್ತು. ಸುಮ್ಮನೆ ಹೋದ ಎಂದರೆ ಇವನು ಪಿಶಾಚಿಯಲ್ಲ, ಸಂಭಾವಿತ. ಮುಂದಿನ ಕಥೆ ನಿಲ್ಲುವುದಿಲ್ಲ. ಇಂಗ್ಲಿಷಿನಲ್ಲಿ ಏನಿದೆ ನೋಡು.’

ನೋಡಿದೆ. ಇಂಗ್ಲಿಷಿನಲ್ಲಿ ಅವನು ರಾತ್ರಿಗೆ ಶುಭ ಕೋರುತ್ತಾನೆ, ಅವಳೂ ಕೋರುತ್ತಾಳೆ, ಅಷ್ಟೇ. ನಾನು ಯೋಚಿಸದೆ ಕನ್ನಡದಲ್ಲಿ ಹೇಳುವ ಹಾಗೆ ಹೇಳಿಸಿಬಿಟ್ಟಿದ್ದೆ. ಹದಿನಾಲ್ಕು ಸಲ ಓದಿದವಳು ನಾನು, ಒಂದೇ ಸಲ ಓದಿ ಕಂಡುಹಿಡಿದವಳು ಅಮ್ಮ. ಹಾಗಾದರೆ ಅವಳೇನು ಹೇಳಬೇಕು ಎಂದು ಕೇಳಿ ಕಳಿಸಿದೆ. ಉತ್ತರ ಬಂದಿಲ್ಲ.

ಸೆಪ್ಟೆಂಬರ್ 22, ಸೋಮವಾರ

ಕ್ಲಬ್ಬಿನಲ್ಲಿ ಇಂಥ ಹಬ್ಬದ ವಾತಾವರಣ ಹಿಂದೆ ಇರಲಿಲ್ಲವಂತೆ. ಅಮ್ಮನ ಟಿಪ್ಪಣಿಯನ್ನು ತಂತಿ ಎರಡು ಸಲ ಗಟ್ಟಿಯಾಗಿ ಓದಿದಳು. ನಿಮ್ಮಮ್ಮನನ್ನು ಗೌರವ ಸದಸ್ಯೆ ಮಾಡಿಕೊಳ್ಳೋಣ ಎಂದಳು.

ಆಮೇಲೆ ಎಲ್ಲರೂ ಸೇರಿ ಅಕ್ಕನಿಗೆ ಒಂದು ಮಾತು ಹುಡುಕಿದೆವು. ‘ಹೋಗಿ’ ಎಂದರೆ ಜಗಳವಾಡಿ ಅಟ್ಟಿದ ಹಾಗೆ. ‘ಶುಭರಾತ್ರಿ’ ಎಂದು ಕನ್ನಡದಲ್ಲಿ ಹೇಳುವವರು ಟೀವಿಯವರು ಮಾತ್ರ. ‘ನಮಸ್ಕಾರ’ ಬಂದವರಿಗೂ ಹೇಳುತ್ತಾರೆ, ಅವನು ಅದನ್ನೇ ಸ್ವಾಗತ ಎಂದು ವಾದಿಸಬಹುದು. ‘ಬೈ’ ಎಂದು ನಾನು ಮೆಲ್ಲಗೆ ಹೇಳಿದೆ, ನೂರು ವರ್ಷದ ಹಿಂದಿನ ಹುಡುಗಿ ಬೈ ಅನ್ನುತ್ತಾಳಾ ಎಂದು ನಕ್ಕರು. ಕೊನೆಗೆ ಒಬ್ಬರು, ಬರೀ ‘ಸರಿ’ ಎನ್ನಲಿ ಎಂದರು. ವಕೀಲ ಎದ್ದು ನಿಂತ.

“ಅವನು ಬರ್ತೀನಿ ಅಂದ. ಇವಳು ಸರಿ ಅಂದಳು. ಇದಕ್ಕಿಂತ ಒಪ್ಪಿಗೆ ಬೇಕಾ? ಸಹಿ ಒಂದು ಬಾಕಿ.”

ತಂತಿ ಖುಷಿಗೆ ಮೇಜು ಬಡಿದಳು. “ನೋಡ್ರೋ, ನಮ್ಮ ಭಾಷೇಲಿ ಪಿಶಾಚಿಗೆ ಎಷ್ಟು ಅನುಕೂಲ ಇದೆ. ಮರ್ಯಾದಸ್ಥರ ಮನೇಗೆಲ್ಲ ಬಾಗಿಲೇ ಇಲ್ಲ.”

ಏನೂ ಹೇಳದೆ ಇದ್ದರೆ ಎಂದು ಕೇಳಿದ್ದು ನಾನು. ಅವನು ‘ಬರ್ತೀನಿ’ ಎಂದಾಗ ಅಕ್ಕ ಸುಮ್ಮನಿದ್ದುಬಿಟ್ಟರೆ? ಹೊಲಿಗೆಯಿಂದ ತಲೆ ಎತ್ತದೆ?

ಚಪ್ಪಾಳೆ ಬಿತ್ತು. ವಕೀಲ ನನ್ನ ಕೈ ಕುಲುಕಿದ. ಹಿಂದಿನ ಆರು ಸಂಜೆಗಳ ‘ಬರ್ತೀನಿ’, ‘ಹೋಗಿ ಬನ್ನಿ’ ಎರಡನ್ನೂ ಹೊಡೆದುಹಾಕಿ, ಏಳನೇ ಸಂಜೆಗೆ, ಹದಿನೈದನೇ ಪುಟದಲ್ಲಿ, ಈ ಸಾಲು ಬರೆದೆ: ‘ಅತಿಥಿ ಬಾಗಿಲಲ್ಲಿ ನಿಂತು, ಬರ್ತೀನಿ ಎಂದ. ಅಕ್ಕ ತಲೆ ಎತ್ತಲಿಲ್ಲ, ಏನೂ ಹೇಳಲಿಲ್ಲ. ಬಾ ಎನ್ನದೆ ಕಳುಹಿಸಿದ ಮನೆಗೆ ಹೋದವರು ಮರಳುವಂತಿಲ್ಲ.’ ಕೊನೆಯ ವಾಕ್ಯ ಇಂಗ್ಲಿಷಿನಲ್ಲಿಲ್ಲ, ನಾನೇ ಸೇರಿಸಿದ್ದು. ಚೆನ್ನಾಗಿ ಬಂದಿದೆ ಎಂದು ಅನಿಸಿತು. ಹೀಗೆ ಅನಿಸಿ ಬಹಳ ದಿನವಾಗಿತ್ತು.

ಸೆಪ್ಟೆಂಬರ್ 23, ಮಂಗಳವಾರ

ಮಧ್ಯಾಹ್ನ ಪುಟ ಕಳಿಸಬೇಕೆಂದು ಫೋನ್ ತೆಗೆದೆ. ಅಷ್ಟರಲ್ಲಿ ಅಮ್ಮನ ಕರೆ. ಪ್ಯಾಕ್ ಮಾಡುತ್ತಿದ್ದಳೇನೋ, ಟೇಪ್ ಹರಿಯುವ ಸದ್ದು.

“ನೀನು ಕೇಳಿದ್ಯಲ್ಲ, ಆ ಹುಡುಗಿ ಏನನ್ನಬೇಕು ಅಂತ. ಮೂರು ದಿನದಿಂದ ಅದೇ ಯೋಚನೆ. ನಂಗೂ ಹೊಳೀತಿಲ್ಲ ಮರಿ.”

ಪರವಾಗಿಲ್ಲ ಬಿಡು ಎಂದೆ.

“ಅವತ್ತು ಬೆಳಿಗ್ಗೆ ಅಪ್ಪ ಬರ್ತೀನಿ ಕಣೇ ಅಂದ್ರು. ನನ್ನ ಕೈಲಿ ಗಣಿತದ ಪುಸ್ತಕದ ಪ್ರೂಫ್ ಇತ್ತು. ಲೆಕ್ಕದ ಮಧ್ಯೆ ಇದ್ದೆ. ತಲೆ ಎತ್ತಲಿಲ್ಲ ನಾನು. ಏನೂ ಅನ್ನಲಿಲ್ಲ.”

ಟೇಪಿನ ಸದ್ದು ನಿಂತಿತ್ತು. ನಾನು ಏನಾದರೂ ಹೇಳಬೇಕಿತ್ತು. ಒಳಗೆ ಅದೇ ಹತ್ತಿ. ಆಮೇಲೆ ಅವಳೇ, ಹದಿನೈದನೇ ಪುಟ ಬೇಗ ಕಳಿಸು, ಇಪ್ಪತ್ತೊಂಬತ್ತಕ್ಕೆ ಪ್ರೆಸ್ಸಿನ ಪ್ರಿಂಟರ್ ಸರ್ವಿಸ್‌ಗೆ ಹೋಗುತ್ತೆ ಎಂದು ಹೇಳಿ ಇಟ್ಟಳು.

ಅವತ್ತು ಹನ್ನೊಂದು ಗಂಟೆಗೆ ಕ್ಲೋರಿನ್ ನೋಡುತ್ತಿದ್ದ ಅಪ್ಪ ಹಾಗೇ ಕುಸಿದರಂತೆ. ಮನೆಯಿಂದ ಹೋಗಿ ಎರಡೂವರೆ ಗಂಟೆ. ನಾನು ಅಪ್ಪನಿಗೆ ಫೋನಿನಲ್ಲಿ ಕೊನೆಗೆ ಹೇಳಿದ್ದು ಏನು ಎಂದು ನೆನಪು ಮಾಡಿಕೊಂಡೆ. ಓಕೆ ಬೈ. ಯಾವಾಗಲೂ ಅದೇ.

ಪುಟ ಕಳಿಸಲಿಲ್ಲ.

ಸೆಪ್ಟೆಂಬರ್ 24

ಕಳಿಸಲಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಅಮ್ಮನ ಮೆಸೇಜ್: ‘ಪುಟ 15?’ ನೆಟ್‌ವರ್ಕ್ ಇಲ್ಲ ಎಂದು ಸುಳ್ಳು ಹೇಳಿದೆ. ನೆಟ್‌ವರ್ಕ್ ಇಲ್ಲ ಎಂದು ಮೆಸೇಜ್ ಕಳಿಸಿದ್ದೇನೆ ಎಂದು ಆಮೇಲೆ ಹೊಳೆಯಿತು.

ಕಳಿಸಿದರೆ ಅವಳು ಆ ಸಾಲು ಓದುತ್ತಾಳೆ. ಅಕ್ಷರ ಅಕ್ಷರವಾಗಿ ಓದುವುದೇ ಅವಳ ಕೆಲಸ. ಸಾಲು ಬದಲಿಸಿದರೆ ಕಥೆ ನಿಲ್ಲುವುದಿಲ್ಲ. ಸುಮ್ಮನೆ ಬಿಟ್ಟರೆ ಮೂವತ್ತಕ್ಕೆ ಮನೆ ಹೋಗುತ್ತದೆ, ಅಮ್ಮ ಆ ಬಾಗಿಲಿಗೆ ಒಬ್ಬಳೇ ಬೀಗ ಹಾಕುತ್ತಾಳೆ, ನಾನು ಇಲ್ಲಿ ಸ್ಟೇಜಿನ ಮೇಲೆ ಬಾಗಿಲ ಕಥೆ ಓದುತ್ತಿರುತ್ತೇನೆ.

ರೂಮ್‌ಮೇಟ್ ಹತ್ತಿರ ಮನೆ ಖಾಲಿ ಮಾಡುವ ವಿಷಯ ಹೇಳಿದೆ, ಅಮ್ಮ ಬಾ ಎಂದು ಕರೆದಿಲ್ಲ ಎಂದೂ ಹೇಳಿದೆ. ಅವಳು ತಲೆ ಬಾಚುವುದನ್ನು ನಿಲ್ಲಿಸಿದಳು.

“ನಿನ್ನ ಮನೆಗೆ ಹೋಗೋಕೆ ನಿಂಗೆ ಇನ್ವಿಟೇಶನ್ ಕಾರ್ಡ್ ಬೇಕೇನೇ? ನೀನೇನು ಪಿಶಾಚೀನಾ?”

ಸೆಪ್ಟೆಂಬರ್ 27, ಶನಿವಾರ

ತಂತಿಗೆ ಹೇಳಿದೆ, ಮೂವತ್ತಕ್ಕೆ ನಾನಿರುವುದಿಲ್ಲ. ಅಕ್ಕನ ಪಾತ್ರ ಓದಬೇಕಾದವಳು ನಾನೇ. ತಿಂಗಳಿಡೀ ಪೋಸ್ಟರ್ ಬರೆದು ಅವಳ ಬೆರಳೆಲ್ಲ ಕೆಂಪಾಗಿತ್ತು. ಒಂದು ವಾರ ಮುಂಚೆ ಹೇಳಬಾರದಿತ್ತಾ ಎಂದು ಮುಖ ತಿರುಗಿಸಿ ಕಾಳುಗಳ ಟ್ರೇಗೆ ನೀರು ಚಿಮುಕಿಸತೊಡಗಿದಳು. ನಾನು ಬೆನ್ನಿಗೆ ಹೇಳಿದೆ, ಅಪ್ಪ ಜುಲೈನಲ್ಲಿ ತೀರಿಕೊಂಡರು, ಮನೆ ಬಿಡುತ್ತಿದ್ದೇವೆ. ಕಾಲೇಜಿನಲ್ಲಿ ಇದನ್ನು ಮೊದಲ ಸಲ ಹೇಳಿದ್ದು. ಹವಾಮಾನ ಹೇಳಿದ ಹಾಗೆ ಬಂತು.

ಅವಳು ತಿರುಗಿ ನೋಡಿದಳು. ಬೀಜಗಳಿಗೆ ನೀರು ಹೆಚ್ಚಾಯಿತು, ಒರೆಸಿದಳು. ಆಮೇಲೆ, ನಿನ್ನ ಪಾರ್ಟ್ ವಕೀಲ ಓದ್ತಾನೆ ಬಿಡು, ಹೆಣ್ಣು ದನೀಲಿ, ನೀನು ಇಲ್ಲಿ ಇರದೇ ಇರೋದೇ ಆರೋಗ್ಯಕ್ಕೆ ಒಳ್ಳೇದು ಎಂದಳು. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದು, ನನ್ನ ಬ್ಯಾಗು ಸೀಟಿನ ಕೆಳಗೆ ತಳ್ಳಿ, ಬಸ್ ಹೊರಡುವವರೆಗೂ ಕೆಳಗೆ ನಿಂತಿದ್ದಳು.

ಸೆಪ್ಟೆಂಬರ್ 28, ಭಾನುವಾರ

ಮನೆಯಲ್ಲಿ ಸಾಮಾನಿಗಿಂತ ರಟ್ಟಿನ ಪೆಟ್ಟಿಗೆಗಳೇ ಜಾಸ್ತಿ. ಅಪ್ಪನ ಗಂಬೂಟುಗಳು ಬಾಗಿಲ ಹತ್ತಿರವೇ ಇವೆ. ಅಮ್ಮ ಬಾಗಿಲು ತೆಗೆದು, ತಿಂದ್ಯಾ ಎಂದು ಕೇಳಿದಳು. ಇಲ್ಲ ಎಂದೆ. ಪಾತ್ರೆಗಳೆಲ್ಲ ಪೆಟ್ಟಿಗೆಯಲ್ಲಿದ್ದವು, ಬ್ರೆಡ್ಡನ್ನು ಹಳೇ ಪ್ರೂಫ್ ಹಾಳೆಯ ಮೇಲೆ ಇಟ್ಟುಕೊಂಡು ತಿಂದೆವು. ತೆಳ್ಳಗಾಗಿದ್ದಾಳೆ. ನಾನು ಹದಿನೆಂಟು ವರ್ಷದಲ್ಲಿ ಅವಳ ಮುಖವನ್ನು ಇಷ್ಟು ಹೊತ್ತು ನೋಡಿದ್ದು ನೆನಪಿಲ್ಲ.

ಕೈ ಒರೆಸಿಕೊಂಡು, “ಎಲ್ಲಿ ಹದಿನೈದು?” ಎಂದಳು.

ಬ್ಯಾಗಿನಿಂದ ತೆಗೆದುಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನಿಂತೇ ಓದಿದಳು. ಕಿವಿಯ ಹಿಂದಿನ ಕೆಂಪು ಪೆನ್ಸಿಲ್ ತೆಗೆದು ಕೊನೆಯ ವಾಕ್ಯದ ಮೇಲೆ ಗೆರೆ ಎಳೆದಳು. ಆಮೇಲೆ ಅದೇ ವಾಕ್ಯದ ಕೆಳಗೆ ಒಂದೊಂದಾಗಿ ಚುಕ್ಕಿ ಇಡುತ್ತಾ ಹೋದಳು. ಹೊಡೆದದ್ದನ್ನು ಮತ್ತೆ ಇದ್ದ ಹಾಗೇ ಇರಲಿ ಎನ್ನಬೇಕಾದರೆ ಪ್ರೂಫಿನಲ್ಲಿ ಹಾಗೆ ಗುರುತು ಮಾಡುತ್ತಾರೆ.

“ಕಥೆಗೆ ಇದೇ ಸರಿ. ಬೇರೆ ದಾರಿ ಇಲ್ಲ.” ಹಾಳೆ ನನ್ನ ಕೈಗೆ ಕೊಟ್ಟು ಕೇಳಿದಳು, “ಅವಳು ಆಮೇಲೆ ಎದ್ದು ಬಾಗಿಲಿಗೆ ಹೋದ್ಳಾ?”

ಪುಸ್ತಕದಲ್ಲಿಲ್ಲ ಎಂದೆ.

“ನಾನು ಹೋಗಿದ್ದೆ. ಆ ಲೆಕ್ಕ ಮುಗಿದ ಮೇಲೆ ಎದ್ದು ಹೋದೆ. ಟ್ಯಾಂಕಿನ ಹತ್ರ ತಿರುಗ್ತಾ ಇದ್ರು, ಬೆನ್ನು ಕಾಣ್ತಿತ್ತು. ಕೂಗಿದ್ರೆ ಕೇಳಿಸ್ತಿತ್ತು. ಸಂಜೆ ಬರ್ತಾರಲ್ಲ ಅಂತ ಒಳಗೆ ಬಂದೆ.”

ನಾನು ಹಾಳೆಯನ್ನು ಗಂಬೂಟಿನ ಪಕ್ಕದ ಪೆಟ್ಟಿಗೆಯ ಮೇಲಿಟ್ಟು, ಪೆನ್ನಿನಲ್ಲಿ ಸೇರಿಸಿದೆ: ‘ಅವನು ತಿರುವು ದಾಟುವವರೆಗೆ ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.’ ಅಮ್ಮ ಓದಿದಳು. ‘ತಿರುವು’ ಸರಿಯಾಗಿ ಬರೆದಿದ್ದೀಯ ಎಂದಳು.

ಫೋಟೋ ತೆಗೆದು ತಂತಿಗೆ ಕಳಿಸಿದೆ.

ಸೆಪ್ಟೆಂಬರ್ 30, ಮಂಗಳವಾರ

ಆಫೀಸಿನವರು ಬಂದು ನಲ್ಲಿಗಳನ್ನು ಎಣಿಸಿಕೊಂಡು ಬೀಗದ ಕೈ ತೆಗೆದುಕೊಂಡರು. ಒಂದು ನಲ್ಲಿ ಸೋರುತ್ತಿತ್ತು. ಇದು ಫಿಲ್ಟರ್ ಇನ್‌ಚಾರ್ಜ್ ಮನೆಯಾ ಎಂದು ನಕ್ಕರು. ಅಮ್ಮ, ಊರಿಗೆಲ್ಲ ರಿಪೇರಿ ಮಾಡೋರ ಮನೆ ಹೀಗೇ ಎಂದಳು. ಗಂಬೂಟು ನಾನು ಇಟ್ಟುಕೊಂಡೆ. ಎರಡು ಸೈಜ್ ದೊಡ್ಡವು.

ಅಕ್ಟೋಬರ್ 1, ಬುಧವಾರ

ತಂತಿಯ ಫೋನ್. ಓದು ಜೋರಾಗಿ ಆಯಿತಂತೆ. ಏಳನೇ ಸಂಜೆಯ ಜಾಗದಲ್ಲಿ ವಕೀಲ ತಲೆ ತಗ್ಗಿಸಿ ಸುಮ್ಮನಿದ್ದ. ಬಹಳ ಹೊತ್ತು ಸುಮ್ಮನಿದ್ದ. ಜನ ಇವನಿಗೆ ಮಾತು ಮರೆತಿದೆ ಎಂದುಕೊಂಡರು. ಎದುರು ಸಾಲಿನಿಂದ ಲೈಬ್ರರಿಯನ್, ಪಾಪ ಸಹಾಯ ಮಾಡೋಣವೆಂದು, “ಹೋಗಿ ಬನ್ನಿ ಅನ್ನಮ್ಮಾ” ಎಂದು ಕೂಗಿದರಂತೆ. ಅಲ್ಲಿಗೆ ಒಂದು ತಿಂಗಳ ಕೆಲಸ ನೀರುಪಾಲು. ಪಿಶಾಚಿಯ ಪಾತ್ರದವನು ಒಳಗೆ ಹೋಗಲೋ ಬೇಡವೋ ಗೊತ್ತಾಗದೆ ಸ್ಟೇಜಿನ ಮಧ್ಯೆ ನಿಂತುಬಿಟ್ಟನಂತೆ.

ಸ್ಪೀಕರ್ ಹಾಕಿದ್ದೆ. ಅಮ್ಮ ಮೂಟೆಯ ಮೇಲೆ ಕುಳಿತು ನಕ್ಕಳು, ಎದೆ ಹಿಡಿದುಕೊಂಡು, ಸದ್ದಿಲ್ಲದೆ. ಅವಳು ನಗುವುದು ಹೀಗೆ ಎಂದು ನನಗೆ ಗೊತ್ತಿರಲಿಲ್ಲ.

ಅಕ್ಟೋಬರ್ 5, ಭಾನುವಾರ

ಪ್ರೆಸ್ಸಿನ ಮೇಲಿನ ಕೋಣೆ. ಇಂದು ಮಷೀನು ನಿಂತಿದೆ, ಆದರೂ ನೆಲಕ್ಕೆ ಕಾಲಿಟ್ಟರೆ ನಡುಗಿದ ಹಾಗೆ ಭಾಸ. ನಾಳೆ ಬೆಳಗಿನ ಬಸ್ಸಿಗೆ ಹೊರಡಬೇಕು. ಬೆಳಿಗ್ಗೆ ಹಸಿವಾಗಿ ಎಚ್ಚರವಾಯಿತು.

ಮಧ್ಯಾಹ್ನ ಅಮ್ಮ ನಾಲ್ಕನೇ ಕ್ಲಾಸಿನ ಪಠ್ಯದ ಪ್ರೂಫ್ ಹರಡಿಕೊಂಡು, ಹಸ್ತಪ್ರತಿಯನ್ನು ನನ್ನ ಕೈಗೆ ಕೊಟ್ಟು ಗಟ್ಟಿಯಾಗಿ ಓದು ಎಂದಳು. ಒಬ್ಬರು ಮೂಲ ಓದಬೇಕು, ಇನ್ನೊಬ್ಬರು ಅಚ್ಚಾದದ್ದರ ಮೇಲೆ ಬೆರಳಿಟ್ಟು ನೋಡಬೇಕು, ಆಗ ಪದ ಬಿಟ್ಟುಹೋಗಿದ್ದರೆ ಸಿಗುತ್ತದೆ. ಚಿಹ್ನೆಗಳನ್ನೂ ಬಾಯಲ್ಲಿ ಹೇಳಬೇಕು. ಭಾನುವಾರ ಅಪ್ಪ ಓದುತ್ತಿದ್ದರಂತೆ, ಹದಿನಾರು ವರ್ಷದಿಂದ. ನನಗೆ ಗೊತ್ತೇ ಇರಲಿಲ್ಲ. ಅವರು ಪ್ರಶ್ನಾರ್ಥಕ ಚಿಹ್ನೆಗೆ ‘ಕೊಕ್ಕೆ’ ಎನ್ನುತ್ತಿದ್ದರಂತೆ.

ಓದಿದೆ. ನಾನು ಳ ಮತ್ತು ಲ ಬೆರೆಸಿದಾಗೆಲ್ಲ ಅಮ್ಮ ತಲೆ ಎತ್ತದೆ ಸರಿಯಾದದ್ದನ್ನು ಹೇಳುತ್ತಿದ್ದಳು. ಪಾಠ ಜೇನುಗೂಡಿನ ಬಗ್ಗೆ. ಅದರಲ್ಲಿ ಅಂಥದ್ದೇನೂ ಇರಲಿಲ್ಲ, ಇದನ್ನು ಸರಿಯಾಗಿ ಬರೆದಿಡಬೇಕು. ‘ಕೆಲಸಗಾರ ನೊಣಗಳು ಬೆಳಿಗ್ಗೆ ಗೂಡಿನಿಂದ ಹೊರಟು ಅಲ್ಪವಿರಾಮ’ ಎಂದು ಓದಿದೆ. ಮುಂದಿನ ಪದ ಕಣ್ಣಿಗೆ ಕಾಣುತ್ತಿತ್ತು, ಬಾಯಿಗೆ ಬರಲಿಲ್ಲ. ಹಾಳೆಯ ಮೇಲೆ ನೀರು ಬಿತ್ತು. ಮೂಲಪ್ರತಿ ಹಾಳಾಗುತ್ತದೆ ಎಂದು ಗಾಬರಿಯಾಗಿ ದೂರ ಹಿಡಿದೆ. ಮೂಗಿನಿಂದಲೂ ಬರತೊಡಗಿತು. ಬಹಳ ಸದ್ದು ಮಾಡಿದೆನೆಂದು ಕಾಣುತ್ತದೆ, ಕೆಳಗಿನ ವಾಚ್‌ಮನ್ ಬಂದು ಇಣುಕಿ ಹೋದ.

ಅಮ್ಮ ಬೆರಳನ್ನು ಆ ಅಲ್ಪವಿರಾಮದ ಮೇಲಿಂದ ತೆಗೆಯಲಿಲ್ಲ. ಇನ್ನೊಂದು ಕೈಯನ್ನು ನನ್ನ ಮೊಣಕಾಲ ಮೇಲಿಟ್ಟು ಹಾಗೇ ಕುಳಿತಿದ್ದಳು. ಮೂಲೆಯಲ್ಲಿದ್ದ ಬಿಸಿಲು ಗೋಡೆ ಹತ್ತಿತು.

ಆಮೇಲೆ ನಾನು ಅಲ್ಲಿಂದಲೇ ಓದಿದೆ. ಇನ್ನೂ ಒಂಬತ್ತು ಪುಟ ಇತ್ತು.